ಕಾರು ಹುಡುಕಾಟದಲ್ಲಿ ನಿದ್ದೆಗೆಟ್ಟವರಿಗೆ

ಕಾರಿನ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ಕೂತು ಓದಿದೆ. ಯಾವ ಕಾರು ಒಳ್ಳೆಯದು ಅಂತ ಕೇಳಿದವರು ಕಡಿಮೆ. ತಲೆ ಕೆಟ್ಟು ಹೋಗಿದೆ, ಏನಾದರೂ ದಾರಿ ಹೇಳಿ ಅಂತ ಬರೆದವರೇ ಜಾಸ್ತಿ. ಮನೆಯೊಂದನ್ನು ಬಿಟ್ಟರೆ ಬಹಳಷ್ಟು ಕುಟುಂಬಗಳು ಕೊಳ್ಳುವ ಅತಿ ದುಬಾರಿ ವಸ್ತು ಕಾರೇ ಅಲ್ವಾ? ಅದೂ ಕೊಂಡ ದಿನದಿಂದಲೇ ಬೆಲೆ ಇಳಿಯುತ್ತಾ ಹೋಗುವ ವಸ್ತು. ಗಾಬರಿಯಾಗುವುದು ಸಹಜ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಕಂಪನಿ, ಮಾಡೆಲ್ ಹೆಸರು ಹೇಳುವುದಿಲ್ಲ. ನಿಮ್ಮ ಮನೆ, ನಿಮ್ಮ ಓಡಾಟ, ನಿಮ್ಮ ಸಂಬಳ ಏನೂ ಗೊತ್ತಿಲ್ಲದೆ ಹಾಗೆ ಹೇಳುವುದು ಸರಿಯಲ್ಲ.

ಪ್ರಶ್ನೆ: ಮೇಡಂ, ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ಇಷ್ಟೇ ಖರ್ಚು ಮಾಡಬೇಕು ಅಂತ ತೀರ್ಮಾನ ಮಾಡಿಯೇ ಕಾರು ನೋಡಲು ಹೊರಟೆವು. ಹೋದ ಕಡೆಯೆಲ್ಲ "ಇನ್ನು ಸ್ವಲ್ಪ ಹಾಕಿದರೆ ಮೇಲಿನ ಮಾಡೆಲ್ ಬರುತ್ತೆ ಸರ್, ತಿಂಗಳಿಗೆ ಲೆಕ್ಕ ಹಾಕಿದರೆ ಏನೇನೂ ಅಲ್ಲ" ಅಂತಾರೆ. ಈಗ ನಮ್ಮ ಬಜೆಟ್ ಎಲ್ಲಿಂದ ಎಲ್ಲಿಗೋ ಹೋಗಿದೆ. ರಾತ್ರಿ ಎಚ್ಚರವಾದರೆ ಮೊಬೈಲ್ ಹಿಡಿದು ಕಾರು ಹೋಲಿಸುತ್ತಾ ಕೂರುತ್ತೇನೆ. ಹೆಂಡತಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ನಾವು ತಪ್ಪಿದ್ದೆಲ್ಲಿ?

ಉತ್ತರ: ಮನೆಯಲ್ಲಿ ನೀವು ಲೆಕ್ಕ ಹಾಕಿದ್ದು ಕಾರಿನ ಪೂರ್ತಿ ಬೆಲೆಗೆ. ಶೋರೂಂನಲ್ಲಿ ಕುರ್ಚಿ ಎಳೆದು ಕೂರಿಸಿ ಅವರು ಕೇಳಿದ್ದು "ತಿಂಗಳಿಗೆ ಎಷ್ಟು ಕಟ್ಟುತ್ತೀರಿ" ಅಂತ. ಅಲ್ಲೇ ನಿಮ್ಮ ಬಜೆಟ್ ಕೈ ತಪ್ಪಿತು. ಕಂತಿನ ಮೊತ್ತವನ್ನು ನೀವು ಬಾಯಿಬಿಟ್ಟು ಹೇಳಿದ ಮೇಲೆ ಬೆಲೆ, ಬಡ್ಡಿ, ಅವಧಿ ಈ ಮೂರನ್ನೂ ಬೇಕಾದ ಹಾಗೆ ಜಗ್ಗಿ ಆ ಮೊತ್ತದೊಳಗೆ ಕೂರಿಸಬಹುದು.

ಹೇಗೆ ಅಂತ ನೋಡಿ. ನೂರು ಸಾಲ ಮಾಡಿದ್ದೀರಿ ಅಂದುಕೊಳ್ಳಿ. ವರ್ಷಕ್ಕೆ ಶೇ 10 ಬಡ್ಡಿ, ಉಳಿದ ಬಾಕಿಯ ಮೇಲೆ ಮಾತ್ರ. 5 ವರ್ಷದಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಸುಮಾರು 127. ಅದನ್ನೇ 7 ವರ್ಷಕ್ಕೆ ಎಳೆದರೆ ಸುಮಾರು 139. ಕಂತು ಕಡಿಮೆ ಆಯಿತಲ್ಲ ಅಂತ ಖುಷಿಯಾಗುತ್ತದೆ, ಬಡ್ಡಿ 27ರಿಂದ 39ಕ್ಕೆ ಏರಿದ್ದು ಕಾಣುವುದೇ ಇಲ್ಲ. ಇನ್ನೂ ಒಂದು ಇದೆ. 5 ವರ್ಷಕ್ಕೆ ನೂರು ಸಾಲ ಮಾಡಿದರೆ ಬರುವ ಕಂತಿನಲ್ಲೇ 7 ವರ್ಷಕ್ಕೆ 128 ಸಾಲ ಸಿಗುತ್ತದೆ. "ಮೇಲಿನ ಮಾಡೆಲ್, ಅದೇ ಕಂತು" ಅಂತ ಹೇಳುವುದು ಹೀಗೇ. ಮೇಲಿನ ಮಾಡೆಲ್ ಬಂತು, ಜೊತೆಗೆ ಎರಡು ವರ್ಷದ ಕಂತೂ ಬಂತು. ಆ ಕೊನೆಯ ಎರಡು ವರ್ಷ ಅಂದರೆ ಕಾರು ಹಳೆಯದಾಗಿ ಟೈರು, ಬ್ಯಾಟರಿ, ಸಸ್ಪೆನ್ಷನ್ ಅಂತ ಒಂದೊಂದೇ ಖರ್ಚು ಬರುವ ಕಾಲ. ಕಂತು, ರಿಪೇರಿ ಎರಡೂ ಒಟ್ಟಿಗೆ ಬಂದರೆ ಏನು ಗತಿ, ಅದನ್ನು ಈಗಲೇ ಯೋಚಿಸಬೇಕು.

ಬಡ್ಡಿ ಫ್ಲಾಟ್ ರೇಟಾ, ಇಳಿಯುವ ಬಾಕಿಯ ಮೇಲಾ ಅಂತ ತಪ್ಪದೆ ಕೇಳಿ. ಫ್ಲಾಟ್ ಅಂದರೆ ನೀವು ಎಷ್ಟು ತೀರಿಸಿದ್ದರೂ ಮೊದಲ ದಿನದ ಪೂರ್ತಿ ಸಾಲಕ್ಕೇ ಕೊನೆತನಕ ಬಡ್ಡಿ ಹಾಕುತ್ತಾರೆ. 5 ವರ್ಷದ ಸಾಲಕ್ಕೆ ಶೇ 10 ಫ್ಲಾಟ್ ಅಂದರೆ, ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಶೇ 17 ದಾಟುತ್ತದೆ. ಬಾಯಲ್ಲಿ ಹೇಳುವುದು ಎರಡಕ್ಕೂ ಹತ್ತೇ. ಇನ್ನು ಪ್ರೊಸೆಸಿಂಗ್ ಫೀ, ಅವಧಿಗೆ ಮೊದಲೇ ಸಾಲ ತೀರಿಸಿದರೆ ಬೀಳುವ ದಂಡ, ಸಾಲದ ಜೊತೆ ಅಂಟಿಸುವ ಇನ್ಶೂರೆನ್ಸ್, ಇವೆಲ್ಲ ಎಷ್ಟಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮೊದಲಿಂದ ಕೊನೆಯ ಕಂತಿನವರೆಗೆ ನಮ್ಮ ಜೇಬಿನಿಂದ ಒಟ್ಟು ಎಷ್ಟು ಹೋಗುತ್ತದೆ, ಆ ಒಂದು ಮೊತ್ತ ಹೇಳಿ ಅಂತ ನೇರವಾಗಿ ಕೇಳಿ. ಬೇರೆ ಬೇರೆ ಕಡೆಯ ಸಾಲಗಳನ್ನು ಹೋಲಿಸಲು ಅದು ಬೇಕೇ ಬೇಕು.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಕಾರಿನ ತಿಂಗಳ ಖರ್ಚು ಅಂದರೆ ಬರೀ ಕಂತು ಅಲ್ಲ. ಇಂಧನ, ವರ್ಷದ ಇನ್ಶೂರೆನ್ಸನ್ನು ಹನ್ನೆರಡು ಭಾಗ ಮಾಡಿದ್ದು, ಸರ್ವಿಸು, ಪಾರ್ಕಿಂಗ್, ತೊಳೆಸುವುದು, ಮುಂದೊಂದು ದಿನ ನಾಲ್ಕೂ ಟೈರು ಒಟ್ಟಿಗೆ ಬದಲಿಸಬೇಕಾಗುತ್ತದಲ್ಲ, ಅದಕ್ಕಂತ ಎತ್ತಿಡುವ ಹಣ. ಇಷ್ಟನ್ನೂ ಕೂಡಿಸಿ. ಹಣದ ಬಗ್ಗೆ ಬರೆಯುವವರು 20-4-10 ಅಂತ ಒಂದು ಅಳತೆ ಹೇಳುತ್ತಾರೆ. ಬೆಲೆಯ ಶೇ 20ರಷ್ಟನ್ನು ಮೊದಲೇ ಕೈಯಿಂದ ಕೊಡುವುದು, ಸಾಲ 4 ವರ್ಷ ಮೀರದ ಹಾಗೆ ನೋಡಿಕೊಳ್ಳುವುದು, ಕಾರಿನ ಎಲ್ಲ ಖರ್ಚೂ ಸೇರಿ ಆದಾಯದ ಶೇ 10ರೊಳಗೆ ಇರುವುದು. ಸಾಮಾನ್ಯ ಸಂಬಳದವರಿಗೆ ಇದು ತುಂಬಾ ಬಿಗಿ, ನನಗೆ ಗೊತ್ತು. ಹಾಗೇ ಪಾಲಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದರಿಂದ ಎಷ್ಟು ದೂರ ಹೋಗಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.

ಹೆಂಡತಿಯ ಜೊತೆ ಕೂತು ಇದನ್ನು ಮಾಡಿ. ಕಾರಿನ ತಿಂಗಳ ಖರ್ಚು ಇಷ್ಟು ಅಂತ ಲೆಕ್ಕ ಸಿಕ್ಕ ಮೇಲೆ, ಅಷ್ಟೂ ಹಣವನ್ನು ಮುಂದಿನ ಮೂರು ತಿಂಗಳು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡಿ. ಕಾರು ಬಂದೇ ಬಿಟ್ಟಿದೆ ಅಂತಲೇ ತಿಳಿದುಕೊಳ್ಳಿ. ಮೂರು ತಿಂಗಳು ಆರಾಮಾಗಿ ಕಳೆದರೆ ಧೈರ್ಯವಾಗಿ ಮುಂದೆ ಹೋಗಿ, ಡೌನ್ ಪೇಮೆಂಟಿಗೂ ಒಂದಿಷ್ಟು ಸೇರಿರುತ್ತದೆ. ಎರಡನೇ ತಿಂಗಳೇ ಆ ಖಾತೆಯಿಂದ ತೆಗೆಯಬೇಕಾಗಿ ಬಂದರೆ, ಅಷ್ಟು ದೊಡ್ಡ ಕಾರು ಈಗ ಬೇಡ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ ಹಾಗೆ. ಯಾರೂ ಯಾರನ್ನೂ ದೂರುವ ಹಾಗಿಲ್ಲ.

ರಾತ್ರಿ ಮೊಬೈಲ್ ವಿಷಯ. ಹರ್ಬರ್ಟ್ ಸೈಮನ್ ಅಂತ ಒಬ್ಬ ಅಮೆರಿಕನ್ ವಿದ್ವಾಂಸರಿದ್ದರು, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಜನ ನಿಜ ಜೀವನದಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕಿ ತೆಗೆಯಲು ಆಗುವುದಿಲ್ಲ, ಇಷ್ಟಿದ್ದರೆ ಸಾಕು ಅಂತ ಒಂದು ಮಟ್ಟ ಇಟ್ಟುಕೊಂಡು ಆ ಮಟ್ಟ ದಾಟಿದ್ದನ್ನು ಆರಿಸುತ್ತಾರೆ ಅಂತ ಅವರು 1950ರ ದಶಕದಲ್ಲೇ ಹೇಳಿದರು. ನಿಮಗೂ ಬೇಕಾಗಿರುವುದು ಅಂಥ ಒಂದು ಮಟ್ಟ. ಐದು ಜನ ಕೂರಬೇಕು, ಅಮ್ಮ ಸಲೀಸಾಗಿ ಹತ್ತಿ ಇಳಿಯಬೇಕು, ಸುರಕ್ಷತೆಯ ಮುಖ್ಯ ಅಂಶಗಳಿರಬೇಕು, ಸರ್ವಿಸ್ ಮಾಡುವವರು ಹತ್ತಿರ ಇರಬೇಕು, ಒಟ್ಟು ಮೊತ್ತ ನೀವು ಬರೆದಿಟ್ಟಿದ್ದನ್ನು ಮೀರಬಾರದು. ಇದನ್ನು ದಾಟಿದ ಮೂರು ಕಾರು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿ. ನಾಲ್ಕನೆಯದು ಬೇಡ. ಮೂರರಲ್ಲಿ ಯಾವುದನ್ನು ತಂದರೂ ನಿಮ್ಮ ಮನೆ ನಡೆಯುತ್ತದೆ. ಸೀಟಿನ ಬಣ್ಣ, ಸ್ಕ್ರೀನಿನ ಅಳತೆ ಅಂತ ನಡುರಾತ್ರಿ ಹೋಲಿಸುತ್ತಾ ಕೂತರೆ ಕಾರಿನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ, ಭಯ ಮಾತ್ರ ದೊಡ್ಡದಾಗುತ್ತದೆ.

ಪ್ರಶ್ನೆ: ಹೊಸ ಕಾರಿಗೆ ಕೈ ಎಟುಕುತ್ತಿಲ್ಲ. ಸೆಕೆಂಡ್ ಹ್ಯಾಂಡ್ ನೋಡೋಣ ಅಂದರೆ ಮೋಸ ಹೋಗುತ್ತೇವೆ ಅನ್ನುವ ಭಯ. ನಮಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲ. ಧೈರ್ಯ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಹೊಸ ಕಾರು ಅತಿ ಹೆಚ್ಚು ಬೆಲೆ ಕಳೆದುಕೊಳ್ಳುವುದು ಮೊದಲ ಕೆಲವು ವರ್ಷದಲ್ಲಿ. ಆ ಪೆಟ್ಟನ್ನು ಮೊದಲ ಮಾಲೀಕ ತಿಂದಿರುತ್ತಾನೆ. ಮೂರರಿಂದ ಐದು ವರ್ಷದ, ನೆಟ್ಟಗೆ ಸರ್ವಿಸ್ ಆಗಿರುವ ಕಾರು ಬಜೆಟ್ ಬಿಗಿ ಇರುವ ಕುಟುಂಬಕ್ಕೆ ಬಹಳ ಒಳ್ಳೆಯ ಆಯ್ಕೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಸಾಲದ ಬಡ್ಡಿ ಮಾತ್ರ ಹಳೆ ಗಾಡಿಗೆ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಅದನ್ನೂ ಸೇರಿಸಿಯೇ ಹೋಲಿಸಿ.

ಗಾಡಿ ಬಗ್ಗೆ ಗೊತ್ತಿಲ್ಲ ಅಂದಿರಿ. ಕಣ್ಣು, ಮೂಗು, ಕೈ ಇದ್ದರೆ ಅರ್ಧ ಕೆಲಸ ಆಗುತ್ತದೆ. ಹಗಲು ಹೊತ್ತಲ್ಲೇ ಹೋಗಿ. ಮಳೆಯಲ್ಲಿ ನೆನೆದ ಕಾರು, ಆಗಷ್ಟೇ ತೊಳೆದು ಒದ್ದೆಯಿರುವ ಕಾರು ನೋಡಬೇಡಿ, ನೀರಿನ ಹೊಳಪಲ್ಲಿ ಗೀರು, ತಗ್ಗು, ಪೇಂಟಿನ ವ್ಯತ್ಯಾಸ ಕಾಣುವುದಿಲ್ಲ. ನಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನಿಮ್ಮ ಮಾತು ಕೇಳಿಲ್ಲ ಅಂತ ಅರ್ಥ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ಕಾಯಿಲೆ ಹೊರಬರುವುದು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಆವಿ ಬಂದು ನಿಂತರೆ ತೊಂದರೆ ಇಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದು ಸಿಹಿ ವಾಸನೆ ಹೊಡೆದರೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಒಳಗೆ ಸೋರುತ್ತಿರಬಹುದು, ಅದು ದೊಡ್ಡ ಖರ್ಚು.

ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇಂಗ್ಲಿಷ್ ಅಕ್ಷರಗಳಿರುವ ಸಾಲನ್ನು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ ಟೈರು ಯಾವಾಗ ತಯಾರಾಯಿತು ಅಂತ ಹೇಳುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರ. ಕಾರು ಕಡಿಮೆ ಓಡಿದೆ ಅಂತ ಹೇಳುತ್ತಾರೆ, ಆದರೆ ಟೈರುಗಳೆಲ್ಲ ಕಾರಿಗಿಂತ ಬಹಳ ಹೊಸವು. ಆಗ ಮೊದಲ ಟೈರು ಅಷ್ಟು ಬೇಗ ಯಾಕೆ ಸವೆಯಿತು ಅಂತ ಕೇಳಲೇಬೇಕು. ಬ್ರೇಕ್, ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಹಿಡಿ, ಡ್ರೈವರ್ ಸೀಟಿನ ಅಂಚು ಸವೆದು ನುಣುಪಾಗಿದ್ದು ಮೀಟರಿನಲ್ಲಿ ಮಾತ್ರ ಕಿಲೋಮೀಟರ್ ತೀರಾ ಕಡಿಮೆ ಇದ್ದರೆ ಮೀಟರ್ ತಿರುಗಿಸಿರಬಹುದು ಅಂತ ಅನುಮಾನಿಸಿ.

ನೀರಲ್ಲಿ ಮುಳುಗಿದ ಕಾರುಗಳ ಬಗ್ಗೆ ವಿಶೇಷವಾಗಿ ಎಚ್ಚರ ಇರಲಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಒಂದೆರಡು ಗೇಣು ಪಟ್ಟಿಯಲ್ಲಿ ನೀರು ನಿಂತ ಕಲೆ, ಮಣ್ಣಿನ ಬಣ್ಣ ಉಳಿದಿರುತ್ತದೆ. ಒಳಗೆಲ್ಲ ತೊಳೆದು ಸುಗಂಧ ಹೊಡೆಯುವವರು ಕೂಡ ಇದನ್ನು ಮರೆಯುತ್ತಾರೆ. ಸೀಟಿನ ಕೆಳಗಿನ ಹಳಿ, ಬೋಲ್ಟುಗಳಲ್ಲಿ ತುಕ್ಕು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮೂಗಿಟ್ಟು ನೋಡಿ. ಮುಗ್ಗು ವಾಸನೆ ಬಂದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ವೈರಿಂಗಿಗೆ, ಎಲೆಕ್ಟ್ರಾನಿಕ್ಸಿಗೆ ನೀರು ಹೋದ ಕಾರು ವರ್ಷಗಟ್ಟಲೆ ಕಾಡುತ್ತದೆ.

ಮುಂದಿನ ಮಡ್‌ಗಾರ್ಡ್, ಬಾನೆಟ್ ಹಿಡಿದಿರುವ ಬೋಲ್ಟುಗಳ ತಲೆ ಮೇಲೆ ಪೇಂಟ್ ಎದ್ದಿದ್ದರೆ ಅವನ್ನು ಬಿಚ್ಚಿದ್ದಾರೆ ಅಂತ ಲೆಕ್ಕ. ಬಿಚ್ಚಿದ್ದೇ ತಪ್ಪಲ್ಲ, ಯಾಕೆ ಬಿಚ್ಚಿದರು ಅನ್ನುವುದು ಮುಖ್ಯ. ಗಾಡಿಯ ಗುರುತಿನ ಸಂಖ್ಯೆಯಾದ 17 ಅಕ್ಷರ, ಅಂಕಿಗಳ ವಿಐಎನ್ ಬಾಡಿಯ ಮೇಲೂ ಕಾಗದದಲ್ಲೂ ಒಂದೇ ಇರಬೇಕು, ಒಂದೊಂದನ್ನೇ ಓದಿ ತಾಳೆ ನೋಡಿ. ಹಳೆಯ ಸಾಲ ಬಾಕಿ ಇಲ್ಲ ಅನ್ನುವುದಕ್ಕೆ ದಾಖಲೆ ಬೇಕು. ಬಾಯಿಮಾತು ಸಾಲದು.

ಇಷ್ಟಾದ ಮೇಲೂ ಹಿಡಿಸಿದರೆ, ಮಾರುವವರಿಗೆ ಸಂಬಂಧವೇ ಇಲ್ಲದ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ ಕೆಳಗಿನಿಂದ ನೋಡಲಿ, ಕಾರಿನ ಕಂಪ್ಯೂಟರಿನಲ್ಲಿರುವ ದೋಷ ಓದುವ ಸ್ಕ್ಯಾನರ್ ಹಾಕಲಿ. ಎಚ್ಚರಿಕೆ ದೀಪ ಆರಿಸಲು ಹಿಂದಿನ ದಿನವೇ ದೋಷದ ಕೋಡ್ ಅಳಿಸಿರುವವರೂ ಇದ್ದಾರೆ. ಹಾಗೆ ಅಳಿಸಿದ್ದರೆ ಕಾರಿನ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಸ್ಕ್ಯಾನರಿನಲ್ಲಿ ಕಾಣುತ್ತದೆ, ತಿಳಿದವರಿಗೆ ಅದು ಗೊತ್ತಾಗುತ್ತದೆ. ಮೆಕ್ಯಾನಿಕ್‌ಗೆ ತೋರಿಸುವುದು ಬೇಡ ಅಂತ ಮಾರುವವರು ತಡೆದರೆ ಅಲ್ಲಿಂದ ಎದ್ದು ಬನ್ನಿ. ಕಾರಣ ಕೇಳುತ್ತಾ ನಿಲ್ಲಬೇಡಿ.

ಪ್ರಶ್ನೆ: ಮೇಡಂ, ನನ್ನ ಯಜಮಾನರಿಗೆ ಎತ್ತರದ, ದೊಡ್ಡದಾಗಿ ಕಾಣುವ ಗಾಡಿಯೇ ಆಗಬೇಕು, ಅದೇ ಸೇಫ್ ಅಂತಾರೆ. ನನಗೆ ಒಂದೂವರೆ ವರ್ಷದ ಮಗುವಿನದೇ ಚಿಂತೆ. ಏಳು ಏರ್‌ಬ್ಯಾಗ್, ಐದು ಸ್ಟಾರ್ ಅಂತ ಏನೇನೋ ಹೇಳುತ್ತಾರೆ. ನಾವಿಬ್ಬರೂ ಇದಕ್ಕೇ ಜಗಳ ಆಡುತ್ತಿದ್ದೇವೆ. ಯಾವುದನ್ನು ನಂಬುವುದು?

ಉತ್ತರ: ನಿಮ್ಮ ಚಿಂತೆ ಸರಿಯಾಗಿಯೇ ಇದೆ, ಅದನ್ನು ಬಿಟ್ಟುಕೊಡಬೇಡಿ. ಯಜಮಾನರ ಮಾತಲ್ಲೂ ಒಂದು ಪಾಲು ಸತ್ಯ ಇದೆ. ಎರಡು ಗಾಡಿ ಡಿಕ್ಕಿಯಾದಾಗ ಭಾರದ ಗಾಡಿಯಲ್ಲಿರುವವರಿಗೆ ಪೆಟ್ಟು ಕಡಿಮೆ. ಆದರೆ ಎತ್ತರದ ಗಾಡಿ ಮಗುಚಿ ಬೀಳುವ ಅಪಾಯ ಜಾಸ್ತಿ, ಯಾಕೆಂದರೆ ಅದರ ಭಾರ ಮೇಲೆ ಇರುತ್ತದೆ. ಹಾಗಾಗಿ ಎತ್ತರ ನೋಡಿ ಸುರಕ್ಷತೆ ತೀರ್ಮಾನ ಮಾಡುವ ಹಾಗಿಲ್ಲ.

ಸುರಕ್ಷತೆಯ ವಿಷಯದಲ್ಲಿ ನಾನು ಮೊದಲು ಕೇಳುವುದು ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ತಿರುವಿನಲ್ಲಿ ಅಥವಾ ಥಟ್ಟನೆ ಪಕ್ಕಕ್ಕೆ ಎಳೆದಾಗ ಗಾಡಿ ಜಾರಲು ಶುರುವಾದರೆ, ಬೇಕಾದ ಒಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಅದನ್ನು ದಾರಿಗೆ ತರುತ್ತದೆ. ಒಂಟಿ ಗಾಡಿಯ ಮಾರಣಾಂತಿಕ ಅಪಘಾತಗಳನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಅಂತ ವಾಹನ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆಯ ಅಧ್ಯಯನ ಹೇಳಿದೆ. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಬೇರೆ ಕಡೆ ಮೇಲಿನ ಮಾಡೆಲಿಗೆ ಮಾತ್ರ ಕೊಡುವುದೂ ಇದೆ, ಹಾಗಾಗಿ ನೀವು ಕೊಳ್ಳುವ ಅದೇ ಮಾಡೆಲಿನಲ್ಲಿ ಇದೆಯಾ ಅಂತ ಕೇಳಿ. ಸನ್‌ರೂಫಿಗೆ ಕೊಡುವ ಹಣವನ್ನು ಇದಕ್ಕೆ ಕೊಡಿ, ಸಾರ್ಥಕ ಆಗುತ್ತದೆ.

ಸ್ಟಾರ್ ಅಂದರೆ ಕಾರನ್ನು ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿ ಕೊಡುವ ದರ್ಜೆ. ಅದನ್ನು ನೋಡುವಾಗ ಯಾವ ವರ್ಷದ ಪರೀಕ್ಷೆ ಅಂತ ನೋಡಿ. ಅಂಥ ಪರೀಕ್ಷೆ ಮಾಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 1997ರಲ್ಲಿ ಫಲಿತಾಂಶ ಕೊಡಲು ಶುರು ಮಾಡಿದ ಮೇಲೆ ನಿಯಮಗಳನ್ನು ಕಾಲಕಾಲಕ್ಕೆ ಬಿಗಿ ಮಾಡುತ್ತಲೇ ಬಂದಿದೆ. ಹತ್ತು ವರ್ಷದ ಹಿಂದಿನ ಐದು ಸ್ಟಾರ್, ಈಗಿನ ಐದು ಸ್ಟಾರ್ ಒಂದೇ ಅಲ್ಲ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಸ್ಟಾರ್ ಬಂದಿದ್ದೂ ಉಂಟು, ಏರ್‌ಬ್ಯಾಗು, ಬಾಡಿಯ ಬಲ ಬದಲಾಗಿರುತ್ತದೆ. ಮಕ್ಕಳ ಸುರಕ್ಷತೆಗೆ ಬೇರೆಯೇ ಅಂಕ ಕೊಟ್ಟಿರುತ್ತಾರೆ. ನಿಮಗೆ ಆ ಅಂಕವೇ ಮುಖ್ಯ.

ಮಗುವಿನ ಸೀಟನ್ನು ಟೆಸ್ಟ್ ಡ್ರೈವಿಗೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಹಿಂದಿನ ಸೀಟಿನ ಸಂದಿಯಲ್ಲಿ ಬೆರಳು ಹಾಕಿದರೆ ಐಸೋಫಿಕ್ಸ್, ಅಂದರೆ ಮಗುವಿನ ಸೀಟನ್ನು ಕಾರಿಗೆ ಸಿಕ್ಕಿಸುವ ಕೊಕ್ಕೆಗಳ ಲೋಹದ ಕಂಬಿ ಸಿಗಬೇಕು. ಸೀಟನ್ನು ನೀವೇ ಸಿಕ್ಕಿಸಿ ನೋಡಿ. ನಿಮ್ಮ ಮಗುವಿನ ವಯಸ್ಸಿಗೆ ಸೀಟು ಹಿಂದಕ್ಕೆ ಮುಖ ಮಾಡಿ ಇರುವುದೇ ಹೆಚ್ಚು ಸುರಕ್ಷಿತ, ಆದರೆ ಹಾಗೆ ಕೂರಿಸಿದಾಗ ಅದು ಬಹಳ ಜಾಗ ತಿನ್ನುತ್ತದೆ. ಅದನ್ನು ಕೂರಿಸಿದ ಮೇಲೆ ಯಜಮಾನರು ಮುಂದಿನ ಸೀಟಿನಲ್ಲಿ ಕೂರಲಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತಾ? ಹೊರಗಿನಿಂದ ದೊಡ್ಡದಾಗಿ ಕಾಣುವ ಎಷ್ಟೋ ಗಾಡಿಗಳಲ್ಲಿ ತಾಗುತ್ತದೆ. ಜಗಳ ಬಗೆಹರಿಯಲು ಇದಕ್ಕಿಂತ ಸುಲಭ ದಾರಿ ನನಗೆ ತೋಚುತ್ತಿಲ್ಲ. ಒಂದು ಮಾತು ಮಾತ್ರ ಎಂದೂ ಮರೆಯಬೇಡಿ, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಸೀಟು ಇಡಲೇಬಾರದು. ಏರ್‌ಬ್ಯಾಗ್ ಸಿಡಿದರೆ ಮಗುವಿನ ಪ್ರಾಣಕ್ಕೇ ಅಪಾಯ.

ಹಾಗೇ ಹಿಂದಿನ ಸೀಟಿನ ನಡುವೆ ಕೂರುವವರಿಗೂ ಹೆಗಲು, ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್ ಇದೆಯಾ ನೋಡಿ. ಆ ಮೂರು ಬಿಂದುವಿನ ಬೆಲ್ಟನ್ನು ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ 1959ರಲ್ಲೇ ಕಾರಿಗೆ ಹಾಕಿದರು. ಇಷ್ಟು ವರ್ಷ ಆದ ಮೇಲೂ ನಡುವಿನ ಸೀಟಿಗೆ ಬರೀ ಸೊಂಟದ ಪಟ್ಟಿ ಇರುವ ಕಾರುಗಳು ಓಡಾಡುತ್ತಿವೆ, ಮತ್ತು ಆ ಸೀಟಿನಲ್ಲಿ ಕೂರುವುದು ಹೆಚ್ಚಾಗಿ ಮಕ್ಕಳು ಅಥವಾ ಅಜ್ಜಿ. ನನಗೆ ಇದು ಒಪ್ಪಿಗೆಯಿಲ್ಲ.

ಪ್ರಶ್ನೆ: ಪೆಟ್ರೋಲಾ, ಡೀಸೆಲ್ಲಾ, ಎಲೆಕ್ಟ್ರಿಕ್ಕಾ? ಮೈಲೇಜ್ ಯೋಚನೆಯಲ್ಲೇ ಮುಂದೆ ಹೋಗಲು ಆಗುತ್ತಿಲ್ಲ.

ಉತ್ತರ: ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಅಂತ ನೀವು ಬರೆದಿಲ್ಲ. ಎಲ್ಲ ನಿಂತಿರುವುದು ಅದರ ಮೇಲೆ. ಒಂದು ಕಾರು ಲೀಟರಿಗೆ 15, ಇನ್ನೊಂದು 20 ಕಿ.ಮೀ. ಕೊಡುತ್ತದೆ ಅನ್ನಿ. ತಿಂಗಳಿಗೆ 300 ಕಿ.ಮೀ. ಓಡಿಸುವವರಿಗೆ ಉಳಿಯುವುದು 5 ಲೀಟರ್. 1,500 ಕಿ.ಮೀ. ಓಡಿಸುವವರಿಗೆ 25 ಲೀಟರ್. ಮೊದಲನೆಯವರು ಮೈಲೇಜ್ ಚಿಂತೆಯನ್ನು ಇವತ್ತೇ ಬಿಡಬಹುದು. ಬರೀ ಹತ್ತಿರದ ಓಡಾಟವಾದರೆ ಡೀಸೆಲ್ ಬೇಡ. ಈಗಿನ ಡೀಸೆಲ್ ಕಾರಿನ ಹೊಗೆ ಸೋಸುವ ಫಿಲ್ಟರಿನಲ್ಲಿ ಕಟ್ಟಿದ ಮಸಿ ಉರಿದು ಹೋಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಎಲೆಕ್ಟ್ರಿಕ್‌ಗೆ ಮನೆಯಲ್ಲೇ ರಾತ್ರಿ ಚಾರ್ಜ್ ಮಾಡುವ ಅನುಕೂಲ ಇದ್ದರೆ ನೋಡಿ, ಇಲ್ಲದಿದ್ದರೆ ಹೊರಗಿನ ಚಾರ್ಜರ್ ನಂಬಿ ಒಂದೇ ಕಾರಿನ ಕುಟುಂಬ ಈಗಲೇ ತೊಂದರೆ ಮೈಮೇಲೆ ಎಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಅಕ್ಕ, ನನಗೆ ಇಪ್ಪತ್ತಾರು. ಅಪ್ಪ ಅಮ್ಮನಿಗಾಗಿ ಮೊದಲ ಕಾರು ತೆಗೆದುಕೊಳ್ಳುತ್ತಿದ್ದೇನೆ. "ಈ ಆಫರ್ ಇವತ್ತೇ ಕೊನೆ, ಒಂದೇ ಗಾಡಿ ಉಳಿದಿದೆ" ಅಂತ ಪದೇಪದೇ ಫೋನ್ ಮಾಡುತ್ತಾರೆ. ನನಗೆ ಇಲ್ಲ ಅಂತ ಹೇಳಲು ಸಂಕೋಚ. ಟೀ ಕೊಟ್ಟು ಇಷ್ಟೊತ್ತು ತೋರಿಸಿದ್ದಾರೆ, ಬೇಡ ಅಂದರೆ ಏನಂದುಕೊಳ್ಳುತ್ತಾರೋ ಅನಿಸುತ್ತೆ.

ಉತ್ತರ: ಏನೂ ಅಂದುಕೊಳ್ಳುವುದಿಲ್ಲ ತಂಗಿ. ತೋರಿಸುವುದು ಅವರ ಕೆಲಸ, ಅದಕ್ಕೆ ಸಂಬಳ ಇದೆ. ಬಂದು ನೋಡಿ ಹೋಗುವವರು ದಿನಾ ಎಷ್ಟೋ ಜನ. ಅವರಿಗೂ ತಿಂಗಳಿಗೆ ಇಷ್ಟು ಕಾರು ಮಾರಬೇಕು ಅನ್ನುವ ಒತ್ತಡ ಇರುತ್ತದೆ, ಹಾಗಾಗಿ ಮರ್ಯಾದೆಯಿಂದಲೇ ಮಾತಾಡಿ. ಆದರೆ ಅವರ ಒತ್ತಡ ನೀಗಿಸುವ ಜವಾಬ್ದಾರಿ ನಿಮ್ಮದಲ್ಲ.

ಹೇಳಬೇಕಾದ ಮಾತನ್ನು ಮೊದಲೇ ತಯಾರು ಮಾಡಿಕೊಂಡು ಹೋಗಿ. "ನಾನು ನೋಡಿದ ದಿನವೇ ಯಾವುದನ್ನೂ ಬುಕ್ ಮಾಡುವುದಿಲ್ಲ. ಎಲ್ಲ ಸೇರಿದ ಬೆಲೆ ಬರೆದು ಕೊಡಿ, ಮನೆಯಲ್ಲಿ ನೋಡಿ ಹೇಳುತ್ತೇನೆ." ಇಷ್ಟೇ. ಕಾರಣ ಕೊಡಬೇಡಿ, ನೀವು ಕೊಟ್ಟ ಪ್ರತಿ ಕಾರಣಕ್ಕೂ ಅವರ ಹತ್ತಿರ ಒಂದು ಉತ್ತರ ಇರುತ್ತದೆ. ನಿಜವಾದ ಆಫರ್ ಆದರೆ ಎಲ್ಲಿಯವರೆಗೆ ಅಂತ ತಾರೀಖಿನ ಸಮೇತ ಬರೆದು ಕೊಡಲಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಆ ಆಫರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬುಕಿಂಗ್ ಹಣ ಕೊಡುವ ದಿನ ಬಂದಾಗ, ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು ರಸೀದಿಯಲ್ಲೇ ಇರಬೇಕು.

ಬೆಲೆಯ ಹಾಳೆಯಲ್ಲಿ ಒಂದೊಂದು ಸಾಲಿಗೂ ಬೆರಳಿಟ್ಟು "ಇದು ಕಡ್ಡಾಯವಾ" ಅಂತ ಕೇಳಿ. ಪೇಂಟಿಗೆ ಕೋಟಿಂಗ್, ಆಕ್ಸೆಸರಿ ಪ್ಯಾಕು, ಎಕ್ಸ್‌ಟೆಂಡೆಡ್ ವಾರಂಟಿ, ಅವರದೇ ಇನ್ಶೂರೆನ್ಸ್, ಹೀಗೆ ಮಾರುವವರಿಗೆ ಲಾಭ ಕೂಡುವ ಜಾಗ ಅದು. ಬೇಡದ್ದನ್ನು ಅಲ್ಲೇ ಹೊಡೆದು ಹಾಕಿಸಿ. ಮ್ಯಾಟು, ಸೀಟ್ ಕವರು ಆಮೇಲೆ ನಿಧಾನವಾಗಿ ಹೊರಗಡೆ ಕೊಳ್ಳಬಹುದು. ಹಳೆ ಗಾಡಿ ಕೊಟ್ಟು ಹೊಸದು ತೆಗೆದುಕೊಳ್ಳುವುದಿದ್ದರೆ ಎರಡರ ಬೆಲೆಯನ್ನೂ ಬೇರೆ ಬೇರೆಯಾಗಿ ಮಾತಾಡಿ. ಒಟ್ಟಿಗೆ ಮಾತಾಡಿದರೆ ಒಂದು ಕಡೆ ಕೊಟ್ಟಂತೆ ಮಾಡಿ ಇನ್ನೊಂದು ಕಡೆ ಕಿತ್ತುಕೊಳ್ಳುವುದು ಸುಲಭ.

ಅಪ್ಪ ಅಮ್ಮನನ್ನು ಟೆಸ್ಟ್ ಡ್ರೈವಿಗೆ ಕರೆದುಕೊಂಡು ಹೋಗಿ. ಅಮ್ಮ ಹಿಂದೆ ಕೂತು ಇಳಿಯಲಿ, ಮಂಡಿಗೆ ಕಷ್ಟವಾಯಿತಾ ಅಂತ ಕೇಳಿ. ನುಣುಪಾದ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ, ಆದ್ದರಿಂದ ಹದಗೆಟ್ಟ ರಸ್ತೆ, ಒಂದು ಏರು, ಇಕ್ಕಟ್ಟಿನಲ್ಲಿ ರಿವರ್ಸ್, ಈ ಮೂರನ್ನೂ ಕೇಳಿ ಮಾಡಿ ನೋಡಿ. ಮ್ಯೂಸಿಕ್ ಆಫ್ ಮಾಡಿಸಿ.

ಪ್ರಶ್ನೆ: ಕಾರು ತೆಗೆದುಕೊಂಡಾಯಿತು. ಆದರೆ ಇನ್ನೂ ಸಮಾಧಾನ ಇಲ್ಲ. ಬೇರೆಯದು ತೆಗೆದುಕೊಂಡಿದ್ದರೆ ಚೆನ್ನಾಗಿತ್ತೇನೋ ಅಂತ ಈಗಲೂ ಬೆಲೆ, ರಿವ್ಯೂ ನೋಡುತ್ತಲೇ ಇರುತ್ತೇನೆ. ಇದು ಹೋಗುತ್ತದಾ?

ಉತ್ತರ: ಹೋಗುತ್ತದೆ. ದೊಡ್ಡ ಖರ್ಚು ಮಾಡಿದ ಮೇಲೆ ಈ ಹೊಯ್ದಾಟ ತುಂಬಾ ಜನರಿಗೆ ಬರುತ್ತದೆ, ಅದು ಕಾರು ಕೆಟ್ಟದು ಅನ್ನುವುದಕ್ಕೆ ಗುರುತೇನಲ್ಲ. ಕಾರಿನ ಆಪ್‌ಗಳನ್ನು ಮೊಬೈಲಿನಿಂದ ತೆಗೆದುಬಿಡಿ, ಶೋರೂಂಗಳ ಮೆಸೇಜ್ ಬ್ಲಾಕ್ ಮಾಡಿ. ಆ ಹೊತ್ತಲ್ಲಿ ನಿಮ್ಮ ಕಾರಿನ ಜೊತೆ ಬಂದ ಪುಸ್ತಕ ಓದಿ, ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ಮೊದಲ ಸರ್ವಿಸ್ ಯಾವಾಗ, ವಾರಂಟಿ ಉಳಿಯಲು ಏನೇನು ಪಾಲಿಸಬೇಕು, ಬ್ರೇಕ್ ಆಯಿಲ್ ಎಷ್ಟು ವರ್ಷಕ್ಕೆ ಬದಲಿಸಬೇಕು, ಎಲ್ಲ ಅದರಲ್ಲಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದಕ್ಕೇ ಗಾಡಿ ಕಡಿಮೆ ಓಡಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಟೈರಿಗೆ ಎಷ್ಟು ಗಾಳಿ ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಇರುತ್ತದೆ, ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬೇಡಿ. ತಿಂಗಳಿಗೊಮ್ಮೆ ಟೈರು ತಣ್ಣಗಿರುವಾಗ ಸ್ಟೆಪ್ನಿಯ ಸಮೇತ ಗಾಳಿ ನೋಡಿಸಿ.